ಎದೆಮೂಳೆಯ ಹಿಂದಣ ನೆರಳು

ನೌಕರಿಗೆ ಸೇರುವಾಗಲೋ, ಬಹುದಿನದ ಕೆಮ್ಮಿಗೆ ಮದ್ದು ಕೇಳಹೋದಾಗಲೋ, ಬೇರಾವುದೋ ಶಸ್ತ್ರಚಿಕಿತ್ಸೆಗೆ ಸಿದ್ಧತೆ ನಡೆಯುವಾಗಲೋ ಎದೆಯ ಕ್ಷ-ಕಿರಣ ಚಿತ್ರವನ್ನು ತೆಗೆಯಿಸುವುದು ಈಗ ಸರ್ವಸಾಮಾನ್ಯವಾದ ಸಂಗತಿ. ಅಂಥ ಅಸಂಖ್ಯ ಚಿತ್ರಗಳಲ್ಲಿ ಎಲ್ಲೋ ಒಂದರಲ್ಲಿ ಹೃದಯದ ನೆರಳಿನ ಅಂಚು ಇರಬೇಕಾದುದಕ್ಕಿಂತ ತುಸು ಹೊರಚಾಚಿ ಕಾಣುತ್ತದೆ. ಆ ವ್ಯಕ್ತಿಗೆ ನೋವಿಲ್ಲ, ಜ್ವರವಿಲ್ಲ, ಹಸಿವು ನಿದ್ರೆಗಳಿಗೆ ಕುಂದಿಲ್ಲ. ಆದರೂ ವೈದ್ಯರು ಚಿತ್ರವನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು, ಎದೆಮೂಳೆಯ ಹಿಂದೆ ಏನೋ ಇದ್ದಂತಿದೆ, ಇನ್ನೂ ಪರೀಕ್ಷಿಸಬೇಕು ಎನ್ನುತ್ತಾರೆ. ಅಂದಿನಿಂದ ಆ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ.

ಆ 'ಏನೋ' ಹಲವು ಬಗೆಯದಾಗಿರಬಹುದು. ಅವುಗಳಲ್ಲಿ ಅಪರೂಪವೂ ಬಹುಮಟ್ಟಿಗೆ ನಿರಪಾಯಕರವೂ ಆದದ್ದು ಥೈಮಸ್ ಗ್ರಂಥಿಯ ನೀರುಚೀಲ. ತನ್ನದೇ ಆದ ಒಳಪದರವನ್ನು ಹೊಂದಿ, ದ್ರವ ತುಂಬಿಕೊಂಡಿರುವ, ವೈದ್ಯರು ಸಿಸ್ಟ್ ಎಂದು ಕರೆಯುವ ಚೀಲವನ್ನೇ ನಾವು ಇಲ್ಲಿ ನೀರುಚೀಲವೆಂದಿದ್ದೇವೆ. ಎರಡು ಶ್ವಾಸಕೋಶಗಳ ನಡುವಣ ಎಡೆಯಲ್ಲಿ ಕಾಣಿಸಿಕೊಳ್ಳುವ ಗಂತಿಗಳಲ್ಲೆಲ್ಲ ಇದರ ಪಾಲು ನೂರಕ್ಕೆ 1ರಿಂದ 3 ಎಂದು ವೈದ್ಯಗ್ರಂಥಗಳು ಹೇಳುತ್ತವೆ. ಇಷ್ಟು ವಿರಳವಾದುದರ ಗೊಡವೆ ನಮಗೇಕೆಂದು ವಾಚಕರು ಕೇಳಬಹುದು. ಈ ಚೀಲವನ್ನು ಕೆಟ್ಟ ಗಂತಿಯೆಂದು ಬಗೆದು ಎದೆಯನ್ನು ತೆರೆದದ್ದುಂಟು. ಕೆಟ್ಟ ಗಂತಿಯು ಚೀಲದ ವೇಷದಲ್ಲಿ ಅಡಗಿದ್ದುದೂ ಉಂಟು. ಒಂದನ್ನು ಇನ್ನೊಂದೆಂದು ತಿಳಿದರೆ ಬೆಲೆ ತೆರುವವನು ರೋಗಿ. ಆ ಬೆಲೆ ನಾವು ಬಹುಕಾಲ ಎಣಿಸಿದ್ದಕ್ಕಿಂತ ದೊಡ್ಡದೆಂಬುದು ಈಚಿನ ವರ್ಷಗಳಲ್ಲಿ ತಿಳಿದುಬಂದಿದೆ.

ಮೊದಲು ಗ್ರಂಥಿಯ ಪರಿಚಯವಾಗಲಿ. ಕೊರಳ ಬುಡದಿಂದ ಕೆಳಕ್ಕೆ, ಎದೆಮೂಳೆಯ ಬೆನ್ನ ಹಿಂದೆ, ಹೃದಯ ಮತ್ತು ಅದರಿಂದ ಹೊರಡುವ ಮಹಾರಕ್ತನಾಳಗಳ ಮುಂದೆ, ಎರಡು ಹಾಲೆಗಳುಳ್ಳ ಮೆತ್ತನೆಯ ಅಂಗವೊಂದು ಹರಡಿಕೊಂಡಿದೆ. ಪ್ರಾಚೀನ ಗ್ರೀಕರು ಅದನ್ನು ಥೈಮಸ್ ಎಂದರು. ಥೈಮ್ ಎಂಬ ಪರಿಮಳದ ಗಿಡದ ಎಲೆಯನ್ನು ಹೋಲುವುದರಿಂದ ಆ ಹೆಸರು ಎಂದು ಕೆಲವರು, ಚೈತನ್ಯ ಅಥವಾ ಧೈರ್ಯ ಎಂಬರ್ಥದ ಗ್ರೀಕ್ ಪದದಿಂದ ಬಂದದ್ದೆಂದು ಮತ್ತೆ ಕೆಲವರು ಹೇಳುತ್ತಾರೆ. ಎರಡನೆಯದೇ ನಿಜವಾಗಿರಲೆಂದು ನಮ್ಮ ಆಸೆ. ಹುಟ್ಟಿದ ಮಗುವಿನಲ್ಲಿ ಇದು ಸುಮಾರು 10ರಿಂದ 15 ಗ್ರಾಂ ತೂಗುತ್ತದೆ. ಪ್ರಾಯಕ್ಕೆ ಬರುವ ಹೊತ್ತಿಗೆ 30-40 ಗ್ರಾಂ ಆಗಿ, ಅನಂತರ ವರ್ಷದಿಂದ ವರ್ಷಕ್ಕೆ ಬಾಡುತ್ತ, ಕೊಬ್ಬಿನ ನಡುವೆ ಅಲ್ಲೊಂದು ಇಲ್ಲೊಂದು ಎಳೆಯಾಗಿ ಉಳಿಯುತ್ತದೆ. ದೇಹದ ಮಿಕ್ಕ ಅಂಗಗಳು ಬೆಳೆದು ಬಲಿಯುವ ಕಾಲದಲ್ಲಿ ತಾನು ಮಾತ್ರ ಹಿಂದೆ ಸರಿಯುವ ಈ ವಿಚಿತ್ರ ಸ್ವಭಾವವೇ ಅನೇಕ ತಪ್ಪು ತಿಳಿವಳಿಕೆಗಳಿಗೆ ಮೂಲವಾಯಿತು.

ಇದರ ಕೆಲಸವೇನೆಂಬುದು 1961ರವರೆಗೂ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಆ ವರ್ಷ ಲಂಡನ್ನಿನಲ್ಲಿ ಇಲಿಗಳ ರಕ್ತದ ಕ್ಯಾನ್ಸರನ್ನು ಕುರಿತು ಸಂಶೋಧಿಸುತ್ತಿದ್ದ ಜಾಕ್ ಮಿಲ್ಲರ್ ಎಂಬ ತರುಣ ವಿಜ್ಞಾನಿ, ಆಗತಾನೆ ಹುಟ್ಟಿದ ಇಲಿಮರಿಗಳಿಂದ ಥೈಮಸನ್ನು ತೆಗೆದುಹಾಕಿ ಪರಿಣಾಮವನ್ನು ಪ್ರಕಟಿಸಿದನು. ಆ ಮರಿಗಳು ಕೆಲವು ವಾರ ಚೆನ್ನಾಗಿಯೇ ಇದ್ದು, ಆಮೇಲೆ ಸೊರಗಿ, ಸೋಂಕುಗಳಿಗೆ ತುತ್ತಾಗಿ ಸತ್ತವು. ಬೇರೆ ತಳಿಯ ಇಲಿಯ ಚರ್ಮವನ್ನು ಅವುಗಳ ಮೈಮೇಲೆ ನಾಟಿ ಮಾಡಿದರೆ ಪ್ರತಿಭಟಿಸದೆ ಸ್ವೀಕರಿಸುತ್ತಿದ್ದವು. ತನ್ನದಾವುದು, ಅನ್ಯವಾವುದು ಎಂದು ಗುರುತಿಸುವ ಶಕ್ತಿಯೇ ಆ ದೇಹಗಳಲ್ಲಿ ಇರಲಿಲ್ಲ. ಮೂಳೆಯ ಮಜ್ಜೆಯಿಂದ ಹೊರಟ ಎಳೆಯ ಬಿಳಿಯ ರಕ್ತಕಣಗಳು ಥೈಮಸಿಗೆ ಬಂದು ಅಲ್ಲಿ ಪಳಗುತ್ತವೆಂದೂ, ಸ್ವಂತ ದೇಹದ ಮೇಲೆಯೇ ಬೀಳುವ ಕಣಗಳು ಅಲ್ಲಿಯೇ ನಾಶವಾಗುತ್ತವೆಂದೂ ನಮಗೆ ಈಗ ತಿಳಿದಿದೆ. ಈ ಪಾಠಶಾಲೆಗೆ ಸೇರಿದ ನೂರು ಕಣಗಳಲ್ಲಿ ಉತ್ತೀರ್ಣವಾಗಿ ಹೊರಬರುವುವು ಹೆಚ್ಚೆಂದರೆ ಐದು. ಅವುಗಳ ಹೆಸರಿನಲ್ಲಿರುವ 'ಟಿ' ಅಕ್ಷರ ಥೈಮಸಿನಿಂದಲೇ ಬಂದದ್ದು.

ಗ್ರಂಥಿಯ ಕೆಲಸವನ್ನು ಅರಿಯುವ ಮೊದಲೇ ಅದರ ನೆರಳನ್ನು ಕಂಡು ಹೆದರಿದ ವೈದ್ಯರ ಕಥೆಯೊಂದುಂಟು. ನೀರುಚೀಲದ ವಿಷಯಕ್ಕೆ ಬರುವ ಮುನ್ನ ಅದನ್ನು ಹೇಳಲೇಬೇಕು. 1614ರಲ್ಲಿ ಬಾಸೆಲ್ ನಗರದ ಫೆಲಿಕ್ಸ್ ಪ್ಲಾಟರ್ ಎಂಬ ವೈದ್ಯನು ಹಠಾತ್ತಾಗಿ ಉಸಿರುಕಟ್ಟಿ ಸತ್ತ ಹಸುಗೂಸೊಂದರ ವೃತ್ತಾಂತವನ್ನು ಬರೆದು, ಉಬ್ಬಿದ ಥೈಮಸೇ ಸಾವಿಗೆ ಕಾರಣವೆಂದನು. 1889ರಲ್ಲಿ ವಿಯೆನ್ನದ ಪಾಲ್ಟಾಫ್ ಇದಕ್ಕೊಂದು ಸಿದ್ಧಾಂತದ ರೂಪವನ್ನೇ ಕೊಟ್ಟನು. ಮಲಗಿದಲ್ಲಿಯೇ ಸತ್ತ ಶಿಶುಗಳ ಶವಪರೀಕ್ಷೆಯಲ್ಲಿ ಥೈಮಸ್ ದೊಡ್ಡದಾಗಿ ಕಾಣುತ್ತಿದ್ದುದು ಸುಳ್ಳಲ್ಲ. ಆದರೆ ಯಾವುದಕ್ಕಿಂತ ದೊಡ್ಡದು? ಅಂದಿನ ಶವಪರೀಕ್ಷೆಯ ಮೇಜಿಗೆ ಬರುತ್ತಿದ್ದ ಬಹುಪಾಲು ಮಕ್ಕಳು ಬಡವರ ಮಕ್ಕಳು. ಹಸಿವಿನಿಂದಲೂ ದೀರ್ಘಕಾಲದ ಬೇನೆಗಳಿಂದಲೂ ಬಳಲಿ ಸತ್ತವರು. ಕಾಯಿಲೆಯ ಹೊಡೆತಕ್ಕೆ ಥೈಮಸ್ ಬಲುಬೇಗ ಕುಗ್ಗುತ್ತದೆ. ಆ ಕುಗ್ಗಿದ ಗ್ರಂಥಿಯನ್ನೇ ವೈದ್ಯರು ಸಹಜ ಗಾತ್ರವೆಂದು ಅಳತೆಗೋಲಾಗಿ ಇಟ್ಟುಕೊಂಡಿದ್ದರು. ಚೆನ್ನಾಗಿದ್ದು ಒಮ್ಮೆಗೇ ಸತ್ತ ಮಗುವಿನ ಆರೋಗ್ಯವಂತ ಗ್ರಂಥಿ ಅವರ ಕಣ್ಣಿಗೆ ರೋಗಗ್ರಸ್ತವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಅಷ್ಟರಲ್ಲಿ ಕ್ಷ-ಕಿರಣಗಳು ಬಂದವು. ಶಿಶುವಿನ ಎದೆಯ ಚಿತ್ರದಲ್ಲಿ ಥೈಮಸ್ ದೋಣಿಯ ಹಾಯಿಯಂತೆ ಮುಕ್ಕೋನೆಯಾಗಿ ಹೃದಯದ ಬದಿಯಲ್ಲಿ ಚಾಚಿಕೊಂಡು ಕಾಣುವುದು ಸಹಜ. ಅದನ್ನು ಕಂಡು ತಾಯಿತಂದೆಗಳೂ ವೈದ್ಯರೂ ದಿಗಿಲುಗೊಂಡರು. 1907ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಆಲ್ಫ್ರೆಡ್ ಫ್ರೀಡ್ಲೆಂಡರ್ ಎಂಬ ವೈದ್ಯನು ಆ ಕಿರಣಗಳನ್ನೇ ಹಾಯಿಸಿ ಗ್ರಂಥಿಯನ್ನು ಕುಗ್ಗಿಸಿದನು. ಚಿತ್ರದಲ್ಲಿ ನೆರಳು ಮಾಯವಾಯಿತು. ಚಿಕಿತ್ಸೆ ಗೆದ್ದಿತೆಂದು ಎಲ್ಲರೂ ನಂಬಿದರು. ಮುಂದಿನ ದಶಕಗಳಲ್ಲಿ ಯಾವ ಕಾಯಿಲೆಯೂ ಇಲ್ಲದ ಸಾವಿರಾರು ಕೂಸುಗಳು ಈ ಚಿಕಿತ್ಸೆಗೆ ಒಳಗಾದವು. ಇಂಥ ರೋಗವಿದೆಯೆನ್ನುವುದಕ್ಕೆ ಆಧಾರವಿಲ್ಲವೆಂದು ಬ್ರಿಟನ್ನಿನ ಸಮಿತಿಯೊಂದರ ಪರಿಶೀಲನೆ 1931ರಲ್ಲಿಯೇ ತೋರಿಸಿದರೂ ಅಭ್ಯಾಸ ನಿಲ್ಲಲಿಲ್ಲ. 1950ರಲ್ಲಿ ನ್ಯೂಯಾರ್ಕಿನ ಡಫಿ ಮತ್ತು ಫಿಟ್ಜೆರಾಲ್ಡ್ ಎಂಬ ವೈದ್ಯರು ಥೈರಾಯ್ಡ್ ಕ್ಯಾನ್ಸರಿಗೆ ತುತ್ತಾದ 28 ಮಕ್ಕಳ ಹಿಂದಿನ ಚರಿತ್ರೆಯನ್ನು ಕೆದಕಿದಾಗ, ಅವರಲ್ಲಿ ಮೂರನೆಯ ಒಂದು ಪಾಲಿನಷ್ಟು ಮಂದಿಗೆ ಶೈಶವದಲ್ಲಿ ಥೈಮಸಿನ ಮೇಲೆ ಕಿರಣ ಹಾಯಿಸಿದ್ದುದು ಬೆಳಕಿಗೆ ಬಂದಿತು. ನೆರಳನ್ನು ಅಳಿಸಹೋಗಿ ರೋಗವನ್ನು ಬಿತ್ತಿದ ಈ ಪ್ರಸಂಗ ವೈದ್ಯಚರಿತ್ರೆಯ ದುಃಖಕರ ಅಧ್ಯಾಯಗಳಲ್ಲೊಂದು.

ಇನ್ನು ನೀರುಚೀಲಗಳು ಹೇಗೆ ಹುಟ್ಟುತ್ತವೆಂಬುದನ್ನು ನೋಡೋಣ. ಥೈಮಸ್ ಎದೆಯಲ್ಲಿದ್ದರೂ ಅದರ ತವರು ಕೊರಳು. ಗರ್ಭದಲ್ಲಿ ಆರನೆಯ ವಾರದ ಸುಮಾರಿಗೆ ಭ್ರೂಣದ ಗಂಟಲಿನ ಎರಡು ಪಕ್ಕಗಳಲ್ಲೂ ಸಣ್ಣ ಜೇಬುಗಳಂತಹ ತಗ್ಗುಗಳಿರುತ್ತವೆ. ಅವುಗಳಲ್ಲಿ ಮೂರನೆಯ ಜೋಡಿಯಿಂದ ಥೈಮಸಿನ ಮೊಳಕೆಗಳು ಹೊರಟು, ಕೊಳವೆಯಾಕಾರದಲ್ಲಿ ಕೆಳಗಿಳಿದು, ಎದೆಯಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಇಳಿದುಬಂದ ದಾರಿಯ ಕೊಳವೆ ಮುಚ್ಚಿಹೋಗಿ ಮಾಯವಾಗಬೇಕು. ಎಲ್ಲಿಯೋ ಒಂದು ತುಣುಕು ಮುಚ್ಚದೆ ಉಳಿದರೆ ಅದರೊಳಗೆ ದ್ರವ ಸೇರಿ ಚೀಲವಾಗುತ್ತದೆ. ಆದುದರಿಂದಲೇ ಈ ಚೀಲಗಳು ದವಡೆಯ ಮೂಲೆಯಿಂದ ಹಿಡಿದು ಎದೆಯ ನಡುವಿನವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು. ಕೊರಳಿನಲ್ಲಿ ಬರುವುವು ಹೆಚ್ಚಾಗಿ ಮೊದಲ ಹತ್ತು ವರ್ಷಗಳ ಮಕ್ಕಳಲ್ಲಿ, ಅದರಲ್ಲಿಯೂ ಎಡಬದಿಯಲ್ಲಿ, ಮೆತ್ತನೆಯ ನೋವಿಲ್ಲದ ಊತವಾಗಿ ತೋರುತ್ತವೆ. ಮಗು ಅತ್ತಾಗ ಅಥವಾ ಮುಕ್ಕಿದಾಗ ಊತ ಹಿಗ್ಗುವುದೂ ಉಂಟು.

ಹುಟ್ಟಿನಿಂದ ಬಂದ ಇಂಥ ಚೀಲ ಸಾಮಾನ್ಯವಾಗಿ ಒಂದೇ ಕೋಣೆಯದು. ಗೋಡೆ ತೆಳು, ಒಳಗಿನ ದ್ರವ ತಿಳಿಯಾದ ನೀರಿನಂತಿರುತ್ತದೆ. ಇನ್ನೊಂದು ಬಗೆ ಹುಟ್ಟಿದ ಮೇಲೆ ಬಂದದ್ದು. ಗ್ರಂಥಿಯಲ್ಲಿ ಉರಿಯೂತವಾಗಿ, ಅದರ ಒಳಗಿನ ಸಣ್ಣ ಟೊಳ್ಳುಗಳು ಹಿಗ್ಗಿ, ದಾಳಿಂಬೆಯ ಹಣ್ಣಿನಂತೆ ಹಲವು ಕೋಣೆಗಳಾಗುತ್ತವೆ. ಗೋಡೆ ದಪ್ಪ, ಒಳಗೆ ಕಂದುಬಣ್ಣದ ಹಳೆಯ ರಕ್ತವೋ ಬಗ್ಗಡವೋ ಇರುತ್ತದೆ. ಸುಸ್ಟರ್ ಮತ್ತು ರೊಸಾಯ್ ಎಂಬ ರೋಗವಿಜ್ಞಾನಿಗಳು 1991ರಲ್ಲಿ ಈ ಬಗೆಯನ್ನು ವಿಶದವಾಗಿ ವರ್ಣಿಸಿದರು. ಎಚ್.ಐ.ವಿ. ಸೋಂಕುಳ್ಳ ಮಕ್ಕಳಲ್ಲಿಯೂ, ದೇಹ ತನ್ನ ಮೇಲೆ ತಾನೇ ಮುನಿಯುವ ಕೆಲವು ರೋಗಗಳಲ್ಲಿಯೂ ಇದು ಕಾಣುತ್ತದೆ. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಥೈಮೋಮ ಎಂಬ ಥೈಮಸಿನ ಗಂತಿ, ಹಾಜ್ಕಿನ್ ರೋಗ ಮೊದಲಾದುವು ಗ್ರಂಥಿಯಲ್ಲಿ ಬೆಳೆಯುವಾಗ ಅವುಗಳ ಜೊತೆಯಲ್ಲಿಯೇ ಇಂಥ ಚೀಲಗಳು ಹುಟ್ಟಿಕೊಳ್ಳುತ್ತವೆ. ಹಲವು ಕೋಣೆಗಳ ಚೀಲವನ್ನು ಕಂಡ ವೈದ್ಯರು ಹೆಚ್ಚು ಎಚ್ಚರಗೊಳ್ಳುವುದು ಇದಕ್ಕಾಗಿಯೇ.

ಬಹುಪಾಲು ಚೀಲಗಳು ಯಾವ ತೊಂದರೆಯನ್ನೂ ಕೊಡುವುದಿಲ್ಲ. ದೊಡ್ಡದಾಗಿ ಶ್ವಾಸನಾಳವನ್ನೋ ಅನ್ನನಾಳವನ್ನೋ ಒತ್ತಿದರೆ ಕೆಮ್ಮು, ಏದುಸಿರು, ನುಂಗಲು ಕಷ್ಟ, ಎದೆಯಲ್ಲಿ ಭಾರ ತೋರಬಹುದು. ಒಳಗೆ ರಕ್ತಸ್ರಾವವಾದರೆ ಒಮ್ಮೆಗೇ ಉಬ್ಬಿ ನೋವಾಗುತ್ತದೆ.

ಈಗ ರೋಗನಿರ್ಣಯದ ಪ್ರಶ್ನೆ. ಎದೆಯ ಸಾಮಾನ್ಯ ಚಿತ್ರದಲ್ಲಿ ಎಲ್ಲ ನೆರಳುಗಳೂ ಒಂದರ ಮೇಲೊಂದು ಬೀಳುವುದರಿಂದ ಅಲ್ಲಿ ಏನೋ ಇದೆಯೆಂದಷ್ಟೇ ತಿಳಿಯುತ್ತದೆ. ಅದು ಥೈಮೋಮ ಆಗಿರಬಹುದು, ದುಗ್ಧಗ್ರಂಥಿಗಳ ಕ್ಯಾನ್ಸರ್ ಆಗಿರಬಹುದು, ಕೂದಲು ಕೊಬ್ಬುಗಳನ್ನು ಒಳಗೊಂಡ ಜನ್ಮಜಾತ ಗಂತಿಯಾಗಿರಬಹುದು. ನಮ್ಮ ದೇಶದಲ್ಲಿ ಕ್ಷಯದಿಂದ ಊದಿದ ದುಗ್ಧಗ್ರಂಥಿಗಳನ್ನಂತೂ ಮರೆಯುವ ಹಾಗಿಲ್ಲ. ಆದುದರಿಂದ ಎರಡನೆಯ ಹೆಜ್ಜೆ ಸಿ.ಟಿ. ಪರೀಕ್ಷೆ. 1971ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ರೋಗಿಯ ಮೇಲೆ ಪ್ರಯೋಗಿಸಲಾದ ಈ ಯಂತ್ರ, ದೇಹವನ್ನು ಸೌತೆಕಾಯಿಯ ಬಿಲ್ಲೆಗಳಂತೆ ಅಡ್ಡಡ್ಡವಾಗಿ ಹೆಚ್ಚಿ ತೋರಿಸುತ್ತದೆ. ಯಾವ ವಸ್ತು ಕಿರಣವನ್ನು ಎಷ್ಟು ತಡೆಯುತ್ತದೆಂಬುದಕ್ಕೆ ಅಂಕಿಯನ್ನೂ ಕೊಡುತ್ತದೆ. ಅದರ ಜನಕನಾದ ಹೌನ್ಸ್‌ಫೀಲ್ಡನ ಹೆಸರಿನ ಈ ಮಾನದಲ್ಲಿ ನೀರಿಗೆ ಸೊನ್ನೆ, ಗಾಳಿಗೆ ಸೊನ್ನೆಯಿಂದ ಸಾವಿರ ಕಡಮೆ. ಸ್ನಾಯು ಮುಂತಾದ ಮಾಂಸಭಾಗಗಳು 40ರಿಂದ 60ರ ಆಸುಪಾಸಿನಲ್ಲಿರುತ್ತವೆ. ನೆರಳಿನ ಅಂಕಿ ಸೊನ್ನೆಗೂ 20ಕ್ಕೂ ನಡುವೆ ಇದ್ದರೆ ಅದು ನೀರುಚೀಲವೆನ್ನಲು ಹೆಚ್ಚು ಕಷ್ಟವಿಲ್ಲ.

ಮೋಸ ಹೋಗುವುದು ಇಲ್ಲಿಯೇ. ಥೈಮಸಿನ ಚೀಲದೊಳಗಿನ ದ್ರವ ಯಾವಾಗಲೂ ತಿಳಿನೀರಲ್ಲ. ಎಂದೋ ಸ್ವಲ್ಪ ರಕ್ತ ಒಸರಿದ್ದರೆ, ಮೊಟ್ಟೆಯ ಬಿಳಿಯಂತಹ ಸಾರಾಂಶ ಸೇರಿ ದ್ರವ ಮಂದವಾಗಿದ್ದರೆ, ಅದರ ಅಂಕಿ ಏರಿ ಮಾಂಸದ ಅಂಕಿಗೆ ಸಮನಾಗುತ್ತದೆ. ಆಗ ದ್ರವ ತುಂಬಿದ ನಿರಪರಾಧಿ ಚೀಲ ಗಟ್ಟಿಯಾದ ಗಂತಿಯಂತೆ ಕಾಣುತ್ತದೆ. ಥೈಮೋಮ ಇರಬಹುದೆಂಬ ವರದಿ ಬರುತ್ತದೆ. ರೋಗಿ ಶಸ್ತ್ರಚಿಕಿತ್ಸೆಯ ಮೇಜಿಗೆ ಹೋಗುತ್ತಾನೆ. ಅಮೆರಿಕದ ಕ್ಷ-ಕಿರಣತಜ್ಞರು 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಥೈಮಸನ್ನು ತೆಗೆದ ಶಸ್ತ್ರಚಿಕಿತ್ಸೆಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ರೋಗಿಗೆ ಉಪಯೋಗವಾಗದವು ಎಂದು ಕಂಡುಬಂದಿತು. ತೆಗೆದದ್ದು ನೀರುಚೀಲವೋ, ಸಹಜ ಗ್ರಂಥಿಯೋ, ಔಷಧಿಯಿಂದಲೇ ಗುಣಪಡಿಸಬಹುದಾಗಿದ್ದ ದುಗ್ಧಗ್ರಂಥಿಗಳ ಕ್ಯಾನ್ಸರೋ ಆಗಿತ್ತು.

ಈ ತೊಡಕನ್ನು ಬಿಡಿಸುವುದು ಎಂ.ಆರ್.ಐ. ಅದರಲ್ಲಿ ಕ್ಷ-ಕಿರಣವಿಲ್ಲ, ಬಲವಾದ ಕಾಂತಕ್ಷೇತ್ರದಲ್ಲಿ ರೋಗಿಯನ್ನು ಮಲಗಿಸಿ, ರೇಡಿಯೊ ಅಲೆಗಳಿಂದ ದೇಹದ ಜಲಜನಕದ ಪರಮಾಣುಗಳನ್ನು ಮೀಟಿ, ಅವು ಮರುದನಿ ಕೊಡುವ ರೀತಿಯಿಂದ ಚಿತ್ರವನ್ನು ಕಟ್ಟುತ್ತಾರೆ. ದ್ರವ ಮಂದವಾಗಿದ್ದರೂ ಒಂದು ಬಗೆಯ ಚಿತ್ರದಲ್ಲಿ ಅದು ಬೆಳ್ಳಗೆ ಹೊಳೆಯುತ್ತದೆ. ಬಳಿಕ ರಕ್ತನಾಳಕ್ಕೆ ಗ್ಯಾಡೊಲಿನಿಯಂ ಸೇರಿದ ಮದ್ದನ್ನು ಚುಚ್ಚಿ ಮತ್ತೆ ಚಿತ್ರ ತೆಗೆಯುತ್ತಾರೆ. ಗಂತಿಯಾದರೆ ಅದರೊಳಗೆ ರಕ್ತಸಂಚಾರವುಂಟು, ಮದ್ದು ಹರಿದು ಅದು ಬೆಳಗುತ್ತದೆ. ಚೀಲದೊಳಗಿನ ದ್ರವಕ್ಕೆ ರಕ್ತನಾಳಗಳಿಲ್ಲ. ಗೋಡೆ ಮಾತ್ರ ಸಣ್ಣ ಗೆರೆಯಾಗಿ ಕಾಣಬಹುದು, ಒಳಗು ಹಾಗೆಯೇ ಉಳಿಯುತ್ತದೆ. ಗೋಡೆ ತೆಳುವಾಗಿ, ನುಣ್ಣಗೆ, ಒಳಗೆ ತಡಿಕೆಯಾಗಲಿ ಗಂಟಾಗಲಿ ಇಲ್ಲದಿದ್ದರೆ ಅದು ಸಾಮಾನ್ಯ ನೀರುಚೀಲವೆಂದು ಧೈರ್ಯವಾಗಿ ಹೇಳಬಹುದು. ಈ ಪರೀಕ್ಷೆಯ ಖರ್ಚು ನಮ್ಮ ಬಹುಮಂದಿಗೆ ಹಗುರವಲ್ಲವೆಂಬುದು ನಿಜ. ಎದೆಯ ಶಸ್ತ್ರಚಿಕಿತ್ಸೆಯ ಖರ್ಚಿನೊಡನೆ ಹೋಲಿಸಿದರೆ ಅದೇನೂ ಅಲ್ಲವೆಂದು ನಮ್ಮ ಭಾವನೆ.

ಚೀಲವೆಂದಾಕ್ಷಣ ಮೈಮರೆಯುವಂತೆಯೂ ಇಲ್ಲ. 1936ರಲ್ಲಿ ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ಆಲ್ಫ್ರೆಡ್ ಬ್ಲೇಲಾಕ್ ಎಂಬ ಪ್ರಸಿದ್ಧ ಶಸ್ತ್ರವೈದ್ಯನ ಬಳಿಗೆ ಮಯಸ್ತೀನಿಯಾ ಗ್ರೇವಿಸ್ ಎಂಬ ಸ್ನಾಯುದೌರ್ಬಲ್ಯದಿಂದ ನರಳುತ್ತಿದ್ದ ತರುಣಿಯೊಬ್ಬಳು ಬಂದಳು. ಈ ರೋಗದಲ್ಲಿ ರೆಪ್ಪೆಗಳು ಜೋಲುತ್ತವೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಅಗಿಯುವುದೂ ನುಂಗುವುದೂ ಕೊನೆಗೆ ಉಸಿರಾಡುವುದೂ ಪ್ರಯಾಸವಾಗುತ್ತದೆ. ಥೈಮಸಿನ ಎಡೆಯಲ್ಲಿ ನೆರಳಿತ್ತು. ಬ್ಲೇಲಾಕ್ ಎದೆಮೂಳೆಯನ್ನು ಸೀಳಿ, ಒಳಗು ಟೊಳ್ಳಾಗಿ ಚೀಲದಂತಾಗಿದ್ದ ಗಂತಿಯನ್ನು ತೆಗೆದನು. ಆಕೆ ಚೇತರಿಸಿಕೊಂಡಳು. 1939ರಲ್ಲಿ ಪ್ರಕಟವಾದ ಈ ವೃತ್ತಾಂತದಿಂದಲೇ ಆ ರೋಗಕ್ಕೂ ಥೈಮಸಿಗೂ ಇರುವ ನಂಟು ಶಸ್ತ್ರವೈದ್ಯರ ಮನಸ್ಸನ್ನು ಹೊಕ್ಕಿತು. ಥೈಮಸಿನ ಎಡೆಯಲ್ಲಿ ನೆರಳು ಕಂಡವರನ್ನು, ನಿಮ್ಮ ರೆಪ್ಪೆ ಸಂಜೆಯ ಹೊತ್ತಿಗೆ ಜೋಲುತ್ತದೆಯೇ, ಊಟದ ನಡುವೆ ದವಡೆ ಸೋಲುತ್ತದೆಯೇ ಎಂದು ವೈದ್ಯರು ಕೇಳುವುದು ಇದಕ್ಕಾಗಿ. ಸಂಶಯವಿದ್ದರೆ ಅರಿವಳಿಕೆ ಕೊಡುವ ಮುನ್ನವೇ ರಕ್ತಪರೀಕ್ಷೆ ಮಾಡಿಸಬೇಕು. ಇಲ್ಲವಾದರೆ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ರೋಗಿ ತಾನಾಗಿ ಉಸಿರಾಡಲಾರದ ಅಪಾಯವಿದೆ.

ಚಿಕಿತ್ಸೆಯ ವಿಚಾರದಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಸೂಜಿ ಚುಚ್ಚಿ ನೀರನ್ನು ಹೀರಿಬಿಡುವುದು. ಕೇಳಲು ಸುಲಭ, ಆದರೆ ಒಳಪದರ ಅಲ್ಲಿಯೇ ಉಳಿಯುವುದರಿಂದ ಚೀಲ ಮತ್ತೆ ತುಂಬಿಕೊಳ್ಳುತ್ತದೆ. ಗೋಡೆಯಲ್ಲಿ ಗಂತಿ ಅಡಗಿದ್ದರೆ ಸೂಜಿಯ ದಾರಿಯಲ್ಲಿ ಅದರ ಕಣಗಳು ಚೆಲ್ಲುವ ಭಯವೂ ಉಂಟು. ಉಸಿರು ಕಟ್ಟುವಂತಹ ತುರ್ತಿನಲ್ಲಿ ಹೊರತು ಇದನ್ನು ಮಾಡುವವರು ಕಡಮೆ.

ಎಂ.ಆರ್.ಐ.ಯಲ್ಲಿ ಸಾಮಾನ್ಯ ನೀರುಚೀಲವೆಂದು ಸ್ಥಿರಪಟ್ಟು, ರೋಗಿಗೆ ತೊಂದರೆಯಿಲ್ಲದಿದ್ದರೆ ಅದನ್ನು ಹಾಗೆಯೇ ಬಿಟ್ಟು ಕಾಲಕಾಲಕ್ಕೆ ನೋಡುತ್ತಿರುವುದು ಇಂದಿನ ಒಲವು. ಒತ್ತುವ, ನೋಯುವ, ರಕ್ತ ಸುರಿಸಿಕೊಂಡ ಚೀಲಗಳನ್ನೂ, ದಪ್ಪ ಗೋಡೆಯ ಹಲವು ಕೋಣೆಗಳ ಸಂಶಯಾಸ್ಪದ ಚೀಲಗಳನ್ನೂ ತೆಗೆಯಲೇಬೇಕಾಗುತ್ತದೆ. ಹಿಂದೆ ಇದಕ್ಕೆ ಎದೆಮೂಳೆಯನ್ನು ಮೇಲಿನಿಂದ ಕೆಳಗಿನವರೆಗೆ ಸೀಳುವುದೊಂದೇ ದಾರಿಯಾಗಿತ್ತು. ಈಗ ಪಕ್ಕೆಯ ಸಂದಿನಲ್ಲಿ ಎರಡು ಮೂರು ಸಣ್ಣ ರಂಧ್ರಗಳನ್ನು ಮಾಡಿ, ದರ್ಶಕನಳಿಗೆಯ ಕಣ್ಣಿನಿಂದ ನೋಡುತ್ತ ಚೀಲವನ್ನು ಬಿಡಿಸಿ ತೆಗೆಯುತ್ತಾರೆ. ಉರಿಯೂತದಿಂದ ಸುತ್ತಮುತ್ತ ಅಂಟಿಕೊಂಡಿದ್ದರೆ ಕೆಲಸ ಬಿಗುವಾಗುತ್ತದೆ. ಎದೆ ಹೊಟ್ಟೆಗಳನ್ನು ಬೇರ್ಪಡಿಸುವ ವಪೆಗೆ ಹೋಗುವ ನರ ಥೈಮಸಿನ ಬದಿಯಲ್ಲಿಯೇ ಸಾಗುತ್ತದೆ. ಅದಕ್ಕೆ ಪೆಟ್ಟಾದರೆ ಆ ಬದಿಯ ಉಸಿರಾಟ ಕುಂದುತ್ತದೆ.

ಮಕ್ಕಳ ಕೊರಳಿನ ಚೀಲಕ್ಕೆ ಒಂದು ವಿಶೇಷ ಎಚ್ಚರಿಕೆಯುಂಟು. ಅನೇಕ ವೇಳೆ ಅದು ಕೆಳಗೆ ಎದೆಯವರೆಗೂ ಬೇರು ಬಿಟ್ಟಿರುತ್ತದೆ. ಮತ್ತೆ ಕೆಲವು ಮಕ್ಕಳಲ್ಲಿ ಥೈಮಸ್ ಎದೆಗೆ ಇಳಿಯದೆ ಕೊರಳಿನಲ್ಲಿಯೇ ನಿಂತಿರಬಹುದು. ಚೀಲದೊಡನೆ ಅಂಟಿಕೊಂಡಿರುವ ಆ ಮುದ್ದೆಯೇ ಮಗುವಿನ ಏಕಮಾತ್ರ ಥೈಮಸ್ ಆಗಿದ್ದರೆ, ಅದನ್ನು ಪೂರ್ತಿಯಾಗಿ ತೆಗೆದವರು ಮಗುವಿನ ರಕ್ಷಣಾಪಡೆಯ ಪಾಠಶಾಲೆಯನ್ನೇ ಮುಚ್ಚಿದಂತೆ. ಎದೆಯಲ್ಲಿ ಗ್ರಂಥಿ ಇದೆಯೆಂಬುದನ್ನು ಚಿತ್ರದಿಂದ ಖಚಿತಪಡಿಸಿಕೊಂಡೇ ಶಸ್ತ್ರವೈದ್ಯರು ಕೈಹಾಕುತ್ತಾರೆ.

ದೊಡ್ಡವರಲ್ಲಿ ಆ ಭಯವಿಲ್ಲವೆಂದು, ಕೊಬ್ಬಾಗಿ ಹೋದ ಗ್ರಂಥಿಯಿಂದ ಏನು ಪ್ರಯೋಜನವೆಂದು ಇತ್ತೀಚಿನವರೆಗೂ ಹೆಚ್ಚಿನವರು ನಂಬಿದ್ದರು. 2023ರಲ್ಲಿ ಬಾಸ್ಟನ್ನಿನ ವೈದ್ಯರು ಪ್ರಕಟಿಸಿದ ಅಧ್ಯಯನವೊಂದು ಆ ನಂಬಿಕೆಯನ್ನು ಅಲುಗಿಸಿತು. ಥೈಮಸನ್ನು ತೆಗೆಯಿಸಿಕೊಂಡಿದ್ದ 1,146 ಮಂದಿ ವಯಸ್ಕರನ್ನು, ಎದೆಯ ಬೇರೆ ಶಸ್ತ್ರಚಿಕಿತ್ಸೆಗೆ ಒಳಗಾಗಿಯೂ ಥೈಮಸನ್ನು ಉಳಿಸಿಕೊಂಡಿದ್ದವರೊಡನೆ ಹೋಲಿಸಿ ನೋಡಿದಾಗ, ಐದು ವರ್ಷಗಳಲ್ಲಿ ಮೊದಲ ಗುಂಪಿನಲ್ಲಿ ನೂರಕ್ಕೆ 8.1 ಮಂದಿಯೂ ಎರಡನೆಯದರಲ್ಲಿ 2.8 ಮಂದಿಯೂ ತೀರಿಕೊಂಡಿದ್ದರು. ಕ್ಯಾನ್ಸರ್ ತಗಲಿದವರು ಕ್ರಮವಾಗಿ ನೂರಕ್ಕೆ 7.4 ಮತ್ತು 3.7. ಇಂಥ ಹೋಲಿಕೆಯಲ್ಲಿ ಎರಡು ಗುಂಪುಗಳು ಎಲ್ಲ ವಿಧದಲ್ಲಿಯೂ ಸಮಾನವಾಗಿರಲಾರವು. ಥೈಮಸನ್ನು ತೆಗೆಯಿಸಿಕೊಳ್ಳಬೇಕಾಗಿ ಬಂದವರ ಆರೋಗ್ಯ ಮೊದಲೇ ಕೆಟ್ಟಿರಬಹುದೆಂಬ ಆಕ್ಷೇಪಣೆಗೆ ಬಲವಿದೆ. ಆದರೂ ಬಾಡಿದ ಗ್ರಂಥಿ ಸತ್ತ ಗ್ರಂಥಿಯಲ್ಲವೆಂದು ಒಪ್ಪಬೇಕಾಗಿದೆ. ಥೈಮೋಮ ಇದ್ದವರು ಈ ಲೆಕ್ಕಕ್ಕೆ ಅಂಜಿ ಹಿಂಜರಿಯಬಾರದು. ಅಲ್ಲಿ ಶಸ್ತ್ರಚಿಕಿತ್ಸೆಯೇ ಪ್ರಾಣರಕ್ಷಕ. ಬರಿಯ ನೀರುಚೀಲಕ್ಕಾಗಿ ಇಡೀ ಗ್ರಂಥಿಯನ್ನು ಕಳೆದುಕೊಳ್ಳುವ ಮಾತು ಬೇರೆ.

ತೆಗೆದ ಚೀಲದ ಪರೀಕ್ಷೆ ಪ್ರಯೋಗಶಾಲೆಯಲ್ಲಿ ನಡೆಯುತ್ತದೆ. ಗೋಡೆಯನ್ನು ಒಂದೆರಡು ಕಡೆಯಲ್ಲಿ ಕತ್ತರಿಸಿ ನೋಡಿದರೆ ಸಾಲದು. ಸಣ್ಣ ಗಂತಿ ಒಂದು ಮೂಲೆಯಲ್ಲಿ ಅವಿತಿರಬಹುದಾದ್ದರಿಂದ ಅನೇಕ ಕಡೆಗಳಿಂದ ತೆಳುವಾದ ಪದರಗಳನ್ನು ಕೊಯ್ದು ಸೂಕ್ಷ್ಮದರ್ಶಕದಡಿಯಲ್ಲಿಟ್ಟು ನೋಡುತ್ತಾರೆ. ಅವರು ಹುಡುಕುವ ಇನ್ನೊಂದು ಗುರುತೆಂದರೆ ಈರುಳ್ಳಿಯ ಸಿಪ್ಪೆಗಳಂತೆ ಸುತ್ತುಸುತ್ತಾಗಿ ಜೋಡಿಸಿದ ಜೀವಕೋಶಗಳ ಸಣ್ಣ ಉಂಡೆಗಳು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಆರ್ಥರ್ ಹ್ಯಾಸಲ್ ಎಂಬ ಇಂಗ್ಲಿಷ್ ವೈದ್ಯನು ವರ್ಣಿಸಿದ ಈ ಉಂಡೆಗಳು ದೇಹದಲ್ಲಿ ಥೈಮಸಿನ ಹೊರತು ಬೇರೆಲ್ಲಿಯೂ ಇಲ್ಲ. ಚೀಲದ ಗೋಡೆಯಲ್ಲಿ ಅವು ಕಂಡರೆ ಅದು ಥೈಮಸಿನದೇ ಎಂಬ ತೀರ್ಮಾನ ಅಲ್ಲಿಗೆ ಮುಗಿಯಿತು.

ತೆಗೆಯದೆ ಬಿಟ್ಟ ಚೀಲವುಳ್ಳವರಿಗೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಮತ್ತೆ ಚಿತ್ರ ತೆಗೆಯುತ್ತಾರೆ. ಈ ನಡುವೆ ಚೀಲ ಸ್ವಲ್ಪ ಹಿಗ್ಗುವುದೂ ಕುಗ್ಗುವುದೂ ಉಂಟು. ಹಿಗ್ಗಿದ ಮಾತ್ರಕ್ಕೆ ಅದು ಕೆಟ್ಟದೆಂದಾಗುವುದಿಲ್ಲ. ತಜ್ಞರು ನೋಡುವುದು ಗೋಡೆ ದಪ್ಪವಾಗಿದೆಯೇ, ಒಳಗೆ ಹೊಸದಾಗಿ ಗಂಟು ಮೂಡಿದೆಯೇ ಎಂಬುದನ್ನು. ಅದಕ್ಕೆ ಹಿಂದಿನ ಚಿತ್ರದೊಡನೆ ಹೋಲಿಕೆ ಅವಶ್ಯಕವಾದುದರಿಂದ, ಹೊಸ ಊರಿನ ಹೊಸ ವೈದ್ಯರಲ್ಲಿಗೆ ಹೋಗುವಾಗಲೂ ಹಳೆಯ ಚಿತ್ರಗಳನ್ನೆಲ್ಲ ಜೊತೆಗೆ ಕೊಂಡೊಯ್ಯಬೇಕು. ವರದಿಯ ಕಾಗದವೊಂದೇ ಸಾಲದು.